ಪರದೆಯ ಮೇಲಿನ ಆಕಾಶ, ಅಂಗಳದಲ್ಲಿನ ನೆರಳು

ಏಳನೇ ತರಗತಿಯ ಮಕ್ಕಳನ್ನು ಒಮ್ಮೆ ಕೇಳಿ ನೋಡಿ: ಬೇಸಿಗೆಯಲ್ಲಿ ಸೆಕೆ ಯಾಕೆ? ‘ಆಗ ಭೂಮಿ ಸೂರ್ಯನಿಗೆ ಹತ್ತಿರ ಬರುತ್ತೆ ಸಾರ್’ ಎಂಬ ಉತ್ತರ ಬರುವುದು ಬಹುಮಟ್ಟಿಗೆ ಖಚಿತ. ಇದಕ್ಕೆ ಮಕ್ಕಳನ್ನು ದೂರಬೇಕಾಗಿಲ್ಲ. 1987ರಲ್ಲಿ ಅಮೆರಿಕದಲ್ಲಿ ತಯಾರಾದ ‘ಎ ಪ್ರೈವೇಟ್ ಯೂನಿವರ್ಸ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಬಂದವರನ್ನು ಇಂಥದ್ದೇ ಪ್ರಶ್ನೆ ಕೇಳಿದಾಗ ಅವರಲ್ಲೂ ಹೆಚ್ಚಿನವರು ಹೀಗೆಯೇ ಎಡವಿದರು. ವಾಸ್ತವವಾಗಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ನಾವು ಹೊದಿಕೆ ಹೊದ್ದು ಮಲಗುವ ಕಾಲದಲ್ಲಿ. ಆಗಿನ ದೂರ 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಅದು 15.2 ಕೋಟಿ.

ಈ ತಪ್ಪು ಕಲ್ಪನೆಗೆ ಪುಸ್ತಕದ ಚಿತ್ರವೂ ಒಂದು ಕಾರಣ. ಭೂಮಿಯ ಕಕ್ಷೆಯನ್ನು ಓರೆಯಿಂದ ನೋಡಿದಂತೆ ಬರೆದಿರುತ್ತಾರೆ, ಹಾಗಾಗಿ ಅದು ಮೊಟ್ಟೆಯ ಆಕಾರದಲ್ಲಿ ಕಾಣುತ್ತದೆ. ಹತ್ತು ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆದರೆ ಭೂಮಿಯ ಕಕ್ಷೆಯ ಆಕಾರಕ್ಕೂ ಆ ವೃತ್ತಕ್ಕೂ ಇರುವ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಕಡಿಮೆ. ಅಚ್ಚಾದ ಚಿತ್ರವನ್ನು ತಿರುಗಿಸಿ ಮೇಲಿನಿಂದ ನೋಡಲು ಬರುವುದಿಲ್ಲ. ಪರದೆಯ ಮೇಲಿನ ಮಾದರಿಯನ್ನು ನೋಡಬಹುದು. ನಾಸಾದ ‘ಐಸ್ ಆನ್ ದ ಸೋಲಾರ್ ಸಿಸ್ಟಮ್’ ತೆರೆದು, ಮೌಸ್ ಹಿಡಿದು ಸೌರವ್ಯೂಹವನ್ನು ತಲೆಯ ಮೇಲಿನಿಂದ ನೋಡುವಂತೆ ತಿರುಗಿಸಿದರೆ ಆ ಮೊಟ್ಟೆ ದುಂಡಗಾಗುತ್ತದೆ. ‘ಹಾಗಾದರೆ ಸೆಕೆ ಯಾಕೆ?’ ಎಂದು ಆಗ ಮಕ್ಕಳೇ ಕೇಳುತ್ತಾರೆ. ಪಾಠ ಶುರುವಾಗಬೇಕಾದದ್ದು ಅಲ್ಲಿಂದ.

ಖಗೋಳ, ಭೂವಿಜ್ಞಾನ ಕಲಿಸಲು ಇಂಥ ಸಲಕರಣೆಗಳು ಈಗ ಹೇರಳವಾಗಿ, ಅದೂ ಪುಕ್ಕಟೆಯಾಗಿ ಸಿಗುತ್ತವೆ. ಇವುಗಳನ್ನು ಸಿನಿಮಾ ತೋರಿಸಿದಂತೆ ತೋರಿಸಿದರೆ ಮಕ್ಕಳು ಖುಷಿಪಡುತ್ತಾರೆ, ಮರುದಿನ ಮರೆಯುತ್ತಾರೆ. ತೋರಿಸುವ ಮೊದಲು ಪ್ರಶ್ನೆ ಕೇಳಬೇಕು. ಪ್ರತಿ ಮಗುವೂ ತನ್ನ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಆಮೇಲೆ ಮಕ್ಕಳ ಕೈಯಿಂದಲೇ ಮಾದರಿಯನ್ನು ಓಡಿಸಬೇಕು. ಸಾಧ್ಯವಿದ್ದ ಕಡೆಯೆಲ್ಲ ಹೊರಗೆ ಹೋಗಿ ನಿಜವಾದ ಬಿಸಿಲು, ನೆರಳು, ಚಂದ್ರ, ಬಂಡೆಗಳೊಂದಿಗೆ ತಾಳೆ ನೋಡಬೇಕು. ಊಹೆ ಬರೆಯಿಸುವುದನ್ನು ಮಾತ್ರ ಬಿಡಲೇಬೇಡಿ. ಬರೆದಿಟ್ಟ ಊಹೆ ಸುಳ್ಳಾದಾಗಲೇ ಮಗು ಯೋಚನೆಗೆ ಬೀಳುವುದು. ಬರೆಯದಿದ್ದರೆ ‘ನನಗೆ ಮೊದಲೇ ಗೊತ್ತಿತ್ತು’ ಎಂದು ಎಲ್ಲರೂ ಹೇಳುತ್ತಾರೆ.

ಬೇಕಾಗುವುದು ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್ ಅಥವಾ ದೊಡ್ಡ ಟಿ.ವಿ. ಇಂಟರ್‌ನೆಟ್ ಸರಿಯಾಗಿ ಬಾರದ ಊರಾದರೂ ಚಿಂತೆಯಿಲ್ಲ. ಸ್ಟೆಲೇರಿಯಂ ಎಂಬ ತಾರಾಲಯ ತಂತ್ರಾಂಶವನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಕಿಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ‘ಫೆಟ್’ ಪ್ರಯೋಗಗಳನ್ನೂ ಒಂದೊಂದೇ ಫೈಲಾಗಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬರಬಹುದು, ಕೆಲವು ಕನ್ನಡದಲ್ಲೂ ಇವೆ. ಗೂಗಲ್ ಅರ್ಥ್‌ನಂಥವಕ್ಕೆ ಮಾತ್ರ ನೆಟ್ ಬೇಕು. ಸಿಗ್ನಲ್ ಇರುವ ಕಡೆ ಕೂತು ಬೇಕಾದ ನೋಟಗಳನ್ನು ಚಿತ್ರವಾಗಿ ಉಳಿಸಿಕೊಳ್ಳಿ. ಕರೆಂಟು ಹೋಗುವ ಹೊತ್ತು ನಿಮ್ಮ ಊರಿನ ಮಟ್ಟಿಗೆ ನಿಮಗೇ ಗೊತ್ತಿರುತ್ತದೆ, ಪೀರಿಯಡ್ಡನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ನಿಮ್ಮ ಊರಿನ ಆಕಾಶದಿಂದಲೇ ಶುರು

ಒಂದೇ ಒಂದು ಸಲಕರಣೆ ಕಲಿಯಲು ಸಮಯವಿದೆ ಎನ್ನುವ ಮೇಷ್ಟ್ರಿಗೆ ನಾನು ಸೂಚಿಸುವುದು ಸ್ಟೆಲೇರಿಯಂ. ಫ್ರಾನ್ಸ್‌ನ ಫಾಬಿಯನ್ ಶೆರೋ ಆರಂಭಿಸಿದ, ಈಗ ಹಲವು ದೇಶಗಳವರು ಸೇರಿ ಬೆಳೆಸುತ್ತಿರುವ ಮುಕ್ತ ತಂತ್ರಾಂಶ ಇದು. ತೆರೆದ ಕೂಡಲೇ ಮಾಡಬೇಕಾದ ಕೆಲಸ ಎಫ್6 ಒತ್ತಿ ನಿಮ್ಮ ಊರನ್ನು ಅಥವಾ ಹತ್ತಿರದ ಪಟ್ಟಣವನ್ನು ಆರಿಸುವುದು. ಎಫ್5 ಒತ್ತಿದರೆ ದಿನಾಂಕ, ಸಮಯ ಬದಲಿಸಬಹುದು. ಎಫ್3ರಲ್ಲಿ ಸೂರ್ಯ, ಚಂದ್ರ, ಗ್ರಹಗಳನ್ನು ಹುಡುಕಬಹುದು. ಜಿ ಒತ್ತಿದರೆ ನೆಲ ಮಾಯವಾಗಿ ಕ್ಷಿತಿಜದ ಕೆಳಗಿನದೂ ಕಾಣುತ್ತದೆ. ಸಮ ಚಿಹ್ನೆಯ ಕೀ ಒಂದು ದಿನ ಮುಂದಕ್ಕೆ, ಕಳೆಯುವ ಚಿಹ್ನೆಯ ಕೀ ಒಂದು ದಿನ ಹಿಂದಕ್ಕೆ ಒಯ್ಯುತ್ತದೆ. ಇಷ್ಟು ಗೊತ್ತಿದ್ದರೆ ವರ್ಷವಿಡೀ ಪಾಠ ನಡೆಯುತ್ತದೆ.

ಮೊದಲ ಪ್ರಶ್ನೆ: ಮಧ್ಯಾಹ್ನ ಸರಿಯಾಗಿ 12 ಗಂಟೆಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆಯೇ? ಹೌದು ಎಂದೇ ಮಕ್ಕಳು ಬರೆಯುತ್ತಾರೆ. ಬೆಂಗಳೂರನ್ನು ಆರಿಸಿ, ದಿನಾಂಕ ಏಪ್ರಿಲ್ 24 ಎಂದು ಕೊಟ್ಟು, ಸೂರ್ಯನ ಮೇಲೆ ಕ್ಲಿಕ್ ಮಾಡಿ, ಪಕ್ಕದಲ್ಲಿ ಬರುವ ವಿವರಗಳಲ್ಲಿ ಎತ್ತರದ ಕೋನವನ್ನು ಗಮನಿಸುತ್ತ ನಿಮಿಷ ನಿಮಿಷವೇ ಮುಂದೆ ಸಾಗಿ. 12 ಗಂಟೆಗೆ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. 12 ಗಂಟೆ 17 ನಿಮಿಷದ ಸುಮಾರಿಗೆ ಕೋನ 90 ಡಿಗ್ರಿಯ ಅಂಚಿಗೆ ಬರುತ್ತದೆ. ನಮ್ಮ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ, ಡಿಗ್ರಿಗೆ ನಾಲ್ಕು ನಿಮಿಷದ ಅಂತರ. ಪಠ್ಯದಲ್ಲಿ ಬಾಯಿಪಾಠ ಮಾಡಿಸುವ ‘ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ’ ಇಲ್ಲಿ ಕಣ್ಣಿಗೆ ಬೀಳುತ್ತದೆ.

ಆ ದಿನ ಸೂರ್ಯ ನೆತ್ತಿಗೆ ಬಂದಾಗ ಬೆಂಗಳೂರು, ಮಂಗಳೂರುಗಳಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎಂದು ಪತ್ರಿಕೆಗಳಲ್ಲಿ ಬರುವುದು ಇದೇ. ಈಗ ಮಕ್ಕಳಿಗೆ ಕೆಲಸ ಕೊಡಿ: ನಮ್ಮ ಊರಿಗೆ ಆ ದಿನ ಯಾವಾಗ? ಹುಬ್ಬಳ್ಳಿಯವರಿಗೆ ಮೇ 2ರ ಆಸುಪಾಸು ಸಿಗುತ್ತದೆ, ಬೀದರ್‌ನವರಿಗೆ ಮೇ 11ರ ಹೊತ್ತಿಗೆ. ಹುಡುಕುತ್ತ ಹೋದ ಯಾರಾದರೊಬ್ಬರು ‘ಮಿಸ್, ಆಗಸ್ಟ್‌ನಲ್ಲಿ ಇನ್ನೊಂದು ಸಲ ಬರುತ್ತೆ’ ಎಂದು ಕೂಗುತ್ತಾರೆ. ಬೆಂಗಳೂರಿಗೆ ಅದು ಆಗಸ್ಟ್ 18ರ ಆಸುಪಾಸು. ಸೂರ್ಯ ಉತ್ತರಕ್ಕೆ ಹೋಗುವಾಗ ಒಮ್ಮೆ, ಮರಳುವಾಗ ಇನ್ನೊಮ್ಮೆ ಅದೇ ಜಾಗವನ್ನು ಹಾಯುತ್ತಾನೆ. ಇನ್ನು ದೆಹಲಿಯನ್ನು ಆರಿಸಿ ನೋಡಲು ಹೇಳಿ. ವರ್ಷವಿಡೀ ತಡಕಾಡಿದರೂ ಸಿಗುವುದಿಲ್ಲ. ಸೂರ್ಯ ಉತ್ತರಕ್ಕೆ 23.4 ಡಿಗ್ರಿ ದಾಟಿ ಹೋಗುವುದಿಲ್ಲ, ದೆಹಲಿ ಇರುವುದು 28.6 ಡಿಗ್ರಿಯಲ್ಲಿ. ಕರ್ಕಾಟಕ ಸಂಕ್ರಾಂತಿ ವೃತ್ತ ನಕ್ಷೆಯಲ್ಲಿ ಅಲ್ಲಿಯೇ ಯಾಕಿದೆ ಎಂಬುದನ್ನು ಇಷ್ಟು ಹುಡುಕಿದ ಮಗುವಿಗೆ ವಿವರಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಏಪ್ರಿಲ್ 24 ಶಾಲೆಗಳಿಗೆ ಬೇಸಿಗೆ ರಜೆಯ ಕಾಲ. ಹಾಗಾಗಿ ಆಗಸ್ಟ್‌ನ ದಿನವೇ ನಮಗೆ ಅನುಕೂಲ, ಮೋಡ ಸರಿದರೆ. ಅಂದು ಬೆಂಗಳೂರಿನ ಒಂದು ಶಾಲೆಯೂ ಕಲಬುರಗಿಯ ಒಂದು ಶಾಲೆಯೂ ಫೋನಿನಲ್ಲಿ ಮಾತಾಡಿಕೊಂಡರೆ ಭೂಮಿಯ ಸುತ್ತಳತೆಯನ್ನೇ ಅಳೆಯಬಹುದು. ಬೆಂಗಳೂರಿನಲ್ಲಿ ನೆರಳಿಲ್ಲದ ಆ ಮಧ್ಯಾಹ್ನ, ಕಲಬುರಗಿಯಲ್ಲಿ ಸೂರ್ಯ ಅತಿ ಎತ್ತರಕ್ಕೆ ಬಂದಾಗ, ಒಂದು ಮೀಟರ್ ಉದ್ದದ ಕೋಲಿನ ನೆರಳು ಏಳೂವರೆ ಸೆಂಟಿಮೀಟರ್‌ನಷ್ಟು ಬೀಳುತ್ತದೆ. ಕೋನಕ್ಕೆ ತಿರುಗಿಸಿದರೆ ಸುಮಾರು 4.4 ಡಿಗ್ರಿ. ಗೂಗಲ್ ಅರ್ಥ್‌ನ ಅಳತೆಪಟ್ಟಿ ತೆಗೆದು ಬೆಂಗಳೂರಿನಿಂದ ನೇರ ಉತ್ತರಕ್ಕೆ, ಕಲಬುರಗಿಯ ಅಕ್ಷಾಂಶದವರೆಗೆ ಅಳೆಯಿರಿ. ಓರೆಯಾಗಿ ಊರಿಂದೂರಿಗೆ ಅಳೆಯಬೇಡಿ, ಲೆಕ್ಕ ತಪ್ಪುತ್ತದೆ. ಸುಮಾರು 483 ಕಿಲೋಮೀಟರ್ ಬರುತ್ತದೆ. 4.4 ಡಿಗ್ರಿಗೆ ಇಷ್ಟಾದರೆ 360 ಡಿಗ್ರಿಗೆ ಎಷ್ಟು? ಉತ್ತರ 40,000 ಕಿಲೋಮೀಟರ್‌ನ ಹತ್ತಿರ ಬಂದು ನಿಲ್ಲುತ್ತದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟ್‌ನಲ್ಲಿ ಎರಟೋಸ್ಥೆನಿಸ್ ಬಳಸಿದ ಉಪಾಯ ಇದೇ. ಕೋಲು, ಟೇಪು, ಪರದೆ ಮೂರೂ ಒಟ್ಟಿಗೆ ದುಡಿಯುವ ಇಂಥ ಪಾಠ ಬೇರೆ ಇಲ್ಲ ಎಂದು ನನಗನ್ನಿಸುತ್ತದೆ. ಒಂದು ಎಚ್ಚರಿಕೆ: ನೆರಳನ್ನು ನೋಡಬೇಕು, ಸೂರ್ಯನನ್ನಲ್ಲ.

ಪಂಚಾಂಗವೂ ಪಠ್ಯವೇ

ಚಂದ್ರನ ಕಲೆಗಳ ವಿಷಯಕ್ಕೆ ಬಂದರೆ ಇನ್ನೊಂದು ಗಟ್ಟಿ ತಪ್ಪು ಕಲ್ಪನೆ ಕಾದಿರುತ್ತದೆ. ಚಂದ್ರ ಅರ್ಧ ಕಾಣುವುದು ಭೂಮಿಯ ನೆರಳು ಬೀಳುವುದರಿಂದ ಎಂದು ದೊಡ್ಡವರೂ ನಂಬಿದ್ದಾರೆ. ಇದನ್ನು ಬಿಡಿಸಲು ನಮ್ಮ ಮನೆಗಳ ಗೋಡೆಯ ಮೇಲೆ ತೂಗುವ ಕ್ಯಾಲೆಂಡರ್ ಸಾಕು. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಪಾಡ್ಯ, ಬಿದಿಗೆ, ತದಿಗೆ ಎಂದು ಹದಿನೈದು ತಿಥಿ ಕಳೆದಾಗ 180 ಡಿಗ್ರಿ, ಅಂದರೆ ಹುಣ್ಣಿಮೆ. ಸ್ಟೆಲೇರಿಯಂನಲ್ಲಿ ಚಂದ್ರನ ಮೇಲೆ ಕ್ಲಿಕ್ ಮಾಡಿದರೆ ಬರುವ ವಿವರಗಳಲ್ಲಿ ‘ಇಲಾಂಗೇಶನ್’ ಎಂದು ಒಂದು ಸಾಲಿರುತ್ತದೆ, ಸೂರ್ಯನಿಂದ ಚಂದ್ರನಿಗಿರುವ ಕೋನ ಅದು. ಈ ತಿಂಗಳ ಕ್ಯಾಲೆಂಡರ್ ತರಿಸಿ, ಪ್ರತಿ ದಿನದ ಸೂರ್ಯೋದಯದ ಹೊತ್ತಿಗೆ ಆ ಕೋನವನ್ನು ಬರೆದುಕೊಂಡು 12ರಿಂದ ಭಾಗಿಸಲು ಹೇಳಿ. ಶುಕ್ಲ ಪಕ್ಷದ ಅಷ್ಟಮಿಯ ದಿನ 84ರಿಂದ 96ರ ನಡುವೆ ಬರುತ್ತದೆ, ಸ್ವಲ್ಪ ಅತ್ತಿತ್ತ ಆಗಬಹುದು. ಪಂಚಾಂಗದ ತಿಥಿಯೂ ಕಂಪ್ಯೂಟರಿನ ಕೋನವೂ ಕೂಡಿಬರುವುದನ್ನು ಕಂಡ ಮಕ್ಕಳ ಮುಖ ನೋಡಬೇಕು.

ಅಷ್ಟಮಿಯ ದಿನ ಸೂರ್ಯ ಒಂದು ಕಡೆ, ಚಂದ್ರ ಅದಕ್ಕೆ 90 ಡಿಗ್ರಿಯಲ್ಲಿ. ಭೂಮಿಯ ನೆರಳು ಬೀಳುವುದು ಸೂರ್ಯನ ನೇರ ಎದುರು ದಿಕ್ಕಿಗೆ. ಹಾಗಿದ್ದ ಮೇಲೆ ಆ ನೆರಳು ಚಂದ್ರನನ್ನು ಮುಟ್ಟುವುದಾದರೂ ಹೇಗೆ? ಈ ಪ್ರಶ್ನೆ ಹಾಕಿ ಸುಮ್ಮನಿರಿ, ಉತ್ತರ ತರಗತಿಯಿಂದಲೇ ಬರಲಿ. ಇನ್ನೂ ಒಂದು: ಗಣೇಶ ಚೌತಿಯ ಸಂಜೆ ಚಂದ್ರ ಯಾವಾಗಲೂ ಪಶ್ಚಿಮದಲ್ಲೇ ಕಾಣುತ್ತಾನಲ್ಲ, ಪೂರ್ವದಲ್ಲಿ ಯಾಕೆ ಕಾಣುವುದಿಲ್ಲ? ಚೌತಿಯೆಂದರೆ ಸೂರ್ಯನಿಂದ 36ರಿಂದ 48 ಡಿಗ್ರಿ. ಸೂರ್ಯ ಮುಳುಗಿದಾಗ ಚಂದ್ರ ಪಶ್ಚಿಮದಲ್ಲೇ ಅಷ್ಟು ಮೇಲಿರಲೇಬೇಕು. ಅಂದು ಚಂದ್ರನನ್ನು ನೋಡಬಾರದು ಎಂಬ ಮನೆಗಳ ಮಕ್ಕಳೂ ಪರದೆಯ ಮೇಲೆ ನೋಡಬಹುದು.

ಕಾಲದಲ್ಲಿ ಹಿಂದಕ್ಕೆ ಹೋಗುವುದು ಈ ತಂತ್ರಾಂಶದ ಇನ್ನೊಂದು ದೊಡ್ಡ ಸೌಕರ್ಯ. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ಕರ್ನಾಟಕದ ಮೇಲೆಯೇ ಹಾದುಹೋಯಿತು. ಕಾರವಾರ, ಅಂಕೋಲಾ ಕರಾವಳಿಯಲ್ಲಿ ನೆಲ ಮುಟ್ಟಿದ ಚಂದ್ರನ ನೆರಳು ಹುಬ್ಬಳ್ಳಿ, ರಾಯಚೂರು ಸೀಮೆಗಳನ್ನು ದಾಟಿ ಆಂಧ್ರದತ್ತ ಸಾಗಿತು. ಅಂಕೋಲಾವನ್ನು ಆರಿಸಿ, ಆ ದಿನಾಂಕ ಕೊಟ್ಟು, ಮಧ್ಯಾಹ್ನ ಮೂರೂವರೆಯಿಂದ ನಾಲ್ಕರ ನಡುವೆ ಸಮಯವನ್ನು ನಿಧಾನವಾಗಿ ಓಡಿಸಿ. ಹಗಲೇ ಕತ್ತಲಾಗುತ್ತದೆ, ಶುಕ್ರ ಹೊಳೆಯತೊಡಗುತ್ತಾನೆ. ಅದೇ ಹೊತ್ತಿಗೆ ಬೆಂಗಳೂರಿಗೆ ಬದಲಿಸಿದರೆ ಗ್ರಹಣ ಪೂರ್ಣವಾಗಿರುವುದಿಲ್ಲ. ಯಾಕೆ ಎಂದು ಕೇಳಿ. ಮನೆಗೆ ಹೋಗಿ ಅಜ್ಜ ಅಜ್ಜಿಯರನ್ನು ‘ಅವತ್ತು ನೀವೇನು ಮಾಡ್ತಿದ್ರಿ?’ ಎಂದು ವಿಚಾರಿಸಿಕೊಂಡು ಬರಲು ಹೇಳಿ. ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆವು ಎನ್ನುವವರೇ ಹೆಚ್ಚು ಸಿಗುತ್ತಾರೆ. ಅವರು ಅಂದು ನೋಡದ ಸೂರ್ಯನನ್ನು ಮೊಮ್ಮಕ್ಕಳು ಅವರಿಗೆ ತೋರಿಸಬಹುದು.

ಮಲ್ಪೆಯಿಂದ ಚಳ್ಳಕೆರೆಗೆ ಒಂದು ಗೆರೆ

ಭೂವಿಜ್ಞಾನಕ್ಕೆ ಗೂಗಲ್ ಅರ್ಥ್ ಸಾಕು, ಅದರಲ್ಲೂ ಕಂಪ್ಯೂಟರಿಗೆ ಹಾಕಿಕೊಳ್ಳುವ ‘ಪ್ರೊ’ ಆವೃತ್ತಿ. ಹೆಸರು ಪ್ರೊ ಆದರೂ ಅದು ಉಚಿತ. ನಕ್ಷೆಯ ಮೇಲೆ ಗೆರೆ ಎಳೆದು, ಆ ಗೆರೆಯುದ್ದಕ್ಕೂ ನೆಲ ಎಷ್ಟು ಎತ್ತರದಲ್ಲಿದೆ ಎಂಬ ಅಡ್ಡಕೊಯ್ತದ ಚಿತ್ರವನ್ನು ಅದರಲ್ಲಿ ತೆಗೆಯಬಹುದು. ಮಲ್ಪೆಯ ಕಡಲ ದಂಡೆಯಿಂದ ಆಗುಂಬೆಯ ಮೇಲೆ ಹಾಯ್ದು ಚಳ್ಳಕೆರೆಯವರೆಗೆ ಒಂದು ಗೆರೆ ಎಳೆಯಿರಿ. ಎಳೆಯುವ ಮೊದಲು, ಎತ್ತರದ ಚಿತ್ರ ಹೇಗೆ ಬರಬಹುದೆಂದು ಮಕ್ಕಳೇ ಬರೆಯಲಿ.

ಹೆಚ್ಚಿನವರು ಬರೆಯುವುದು ತ್ರಿಕೋನದ ಬೆಟ್ಟ: ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುವಂಥದ್ದು. ಪುಸ್ತಕದಲ್ಲಿ ಮಳೆ ನೆರಳಿನ ಪ್ರದೇಶವನ್ನು ವಿವರಿಸುವ ಚಿತ್ರವೂ ಹಾಗೇ ಇರುತ್ತದೆ. ಗೂಗಲ್ ಅರ್ಥ್ ತೋರಿಸುವುದು ಬೇರೆ. ಕರಾವಳಿಯಿಂದ ಘಟ್ಟದ ಬುಡದ ಸೋಮೇಶ್ವರದ ತನಕ ತಗ್ಗಿನ ನೆಲ, ಅಲ್ಲಿಂದ ಕೆಲವೇ ಕಿಲೋಮೀಟರ್‌ಗಳಲ್ಲಿ ಆರುನೂರು ಮೀಟರ್ ದಾಟುವ ಕಡಿದಾದ ಏರು, ಆಮೇಲೆ ಇಳಿತವೇ ಇಲ್ಲ. ಸಣ್ಣಪುಟ್ಟ ಏರುಪೇರುಗಳೊಂದಿಗೆ ನೆಲ ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಚಳ್ಳಕೆರೆಯ ತನಕ ಹೋಗುತ್ತದೆ. ನಮ್ಮ ಪಶ್ಚಿಮ ಘಟ್ಟ ಎರಡು ಬದಿಯ ಬೆಟ್ಟವಲ್ಲ, ಪ್ರಸ್ಥಭೂಮಿಯ ಅಂಚು. ಘಟ್ಟ ಹತ್ತಿ ಇಳಿದು ಬಲ್ಲ ಮಲೆನಾಡಿನ ಮಕ್ಕಳಿಗೂ ಇದು ಹೊಸದಾಗಿ ಕಾಣುತ್ತದೆ.

ಇನ್ನು ಗಾಳಿಯನ್ನು ತೋರಿಸಬೇಕು. ಕ್ಯಾಮರಾನ್ ಬೆಕಾರಿಯೊ 2013ರಲ್ಲಿ ರೂಪಿಸಿದ ‘ಅರ್ಥ್ ನಲ್‌ಸ್ಕೂಲ್’ ಎಂಬ ಜಾಲತಾಣದಲ್ಲಿ ಇಡೀ ಭೂಮಿಯ ಗಾಳಿ ಹರಿಯುವ ಎಳೆಗಳಾಗಿ ಕಾಣುತ್ತದೆ. ಎತ್ತರವನ್ನು 850 ಹೆಕ್ಟೋಪಾಸ್ಕಲ್ ಎಂದು ಇಟ್ಟರೆ ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿನ ಗಾಳಿ ಸಿಗುತ್ತದೆ. ಜುಲೈ ತಿಂಗಳ ಯಾವುದಾದರೂ ದಿನವನ್ನು ಆರಿಸಿ. ಸೊಮಾಲಿಯಾದ ತೀರದಲ್ಲಿ ರಭಸದಿಂದ ತಿರುಗಿದ ಗಾಳಿ ಅರಬ್ಬೀ ಸಮುದ್ರ ದಾಟಿ ನೇರವಾಗಿ ನಮ್ಮ ಕರಾವಳಿಗೆ ಬಡಿಯುವುದು ಕಾಣುತ್ತದೆ. ಈಗ ಜನವರಿಗೆ ಹೋಗಿ: ಗಾಳಿ ತಿರುಗಿಬಿಟ್ಟಿರುತ್ತದೆ, ಈಶಾನ್ಯದ ಕಡೆಯಿಂದ ಬೀಸುತ್ತಿರುತ್ತದೆ. ನೈರುತ್ಯ ಮಾರುತ, ಈಶಾನ್ಯ ಮಾರುತ ಎಂಬ ಹೆಸರುಗಳು ಯಾವುದಕ್ಕೆ ಅಂಟಿವೆ ಎಂಬುದು ಆಗ ಸ್ಪಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಅಲ್ಲಿಂದ ನೇರ ಗೆರೆಯಲ್ಲಿ 200 ಕಿಲೋಮೀಟರ್ ಒಳಗಿರುವ ಚಳ್ಳಕೆರೆಯಲ್ಲಿ ಐನೂರರ ಆಸುಪಾಸು. ಗೆರೆಯ ಚಿತ್ರವನ್ನೂ ಗಾಳಿಯ ಚಿತ್ರವನ್ನೂ ಪಕ್ಕಪಕ್ಕ ಇಟ್ಟು, ಈ ವ್ಯತ್ಯಾಸಕ್ಕೆ ಕಾರಣ ಬರೆಯಲು ಹೇಳಿ. ಪರೀಕ್ಷೆಗೆ ಕೊಡುವ ನಾಲ್ಕು ಅಂಕದ ಉತ್ತರಕ್ಕಿಂತ ಒಳ್ಳೆಯ ಉತ್ತರ ಬರುತ್ತದೆ.

ಮಲ್ಪೆಗೆ ಬಂದ ಮೇಲೆ ಸೇಂಟ್ ಮೇರೀಸ್ ದ್ವೀಪವನ್ನು ಬಿಡುವಂತಿಲ್ಲ. ಅಲ್ಲಿನ ಕಂಬದಂಥ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾ ತಣ್ಣಗಾಗಿ ಆದವು. ಇಯಾನ್ ವೆಬ್‌ಸ್ಟರ್ ಮಾಡಿರುವ ‘ಏನ್ಷಂಟ್ ಅರ್ಥ್’ ಎಂಬ ತಿರುಗುವ ಭೂಗೋಲದಲ್ಲಿ ಉಡುಪಿ ಎಂದು ಬರೆದು, ಕಾಲವನ್ನು ಒಂಬತ್ತು ಕೋಟಿ ವರ್ಷ ಹಿಂದಕ್ಕೆ ಇಡಿ. ನಮ್ಮ ಊರಿನ ಚುಕ್ಕೆ ಭೂಮಧ್ಯರೇಖೆಯ ಕೆಳಗೆ, ಮಡಗಾಸ್ಕರ್‌ನ ಮಗ್ಗುಲಲ್ಲಿ ಕೂತಿರುತ್ತದೆ. ಆಮೇಲೆ ಒಂದೊಂದೇ ಹಂತ ಮುಂದೆ ಬಂದರೆ ಭಾರತ ಉತ್ತರಕ್ಕೆ ಸಾಗಿ ಏಷ್ಯಾಕ್ಕೆ ಡಿಕ್ಕಿ ಹೊಡೆಯುವುದು ಕಾಣುತ್ತದೆ. ಕರಾವಳಿಯ ಶಾಲೆಗಳು ಇದನ್ನು ನೋಡಿಸಿ ಆಮೇಲೆ ಆ ದ್ವೀಪಕ್ಕೆ ಪ್ರವಾಸ ಹೋಗಬೇಕು. ಬೆಂಗಳೂರಿನವರಿಗೆ ಲಾಲ್‌ಬಾಗಿನ ಬಂಡೆ ಇದೆ, ಅದರ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ.

ಭೂಕಂಪಗಳಿಗೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ನಕ್ಷೆ ಇದೆ, ಅದರಲ್ಲಿ ಕಳೆದ ಮೂವತ್ತು ದಿನಗಳಲ್ಲಿ ಆದವನ್ನೆಲ್ಲ ಚುಕ್ಕೆಗಳಾಗಿ ನೋಡಬಹುದು. ಭೂಫಲಕಗಳ ಗಡಿ ಬರೆದಿರದಿದ್ದರೂ ಚುಕ್ಕೆಗಳೇ ಗಡಿಯನ್ನು ಬರೆದುಬಿಡುತ್ತವೆ. ದಕ್ಷಿಣ ಭಾರತ ಬಹುತೇಕ ಖಾಲಿ ಕಾಣುತ್ತದೆ. ‘ನಮಗೆ ಭಯವಿಲ್ಲ’ ಎಂದು ಮಕ್ಕಳು ಅಂದುಕೊಳ್ಳುವ ಮುಂಚೆ 1993ರ ಸೆಪ್ಟೆಂಬರ್ 30ಕ್ಕೆ ಹೋಗಿ ಹುಡುಕಿಸಿ. ನಮ್ಮ ಗಡಿಯಾಚೆಯ ಕಿಲ್ಲಾರಿಯಲ್ಲಿ ನಸುಕಿನಲ್ಲಿ ಆದ ಕಂಪನದಲ್ಲಿ ಸಾವಿರಾರು ಜನ ಸತ್ತರು.

ಕಣ್ಣೆದುರಿನ ಬದಲಾವಣೆ

ಗೂಗಲ್ ಅರ್ಥ್‌ನ ‘ಟೈಮ್‌ಲ್ಯಾಪ್ಸ್’ ವಿಭಾಗದಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳು ವರ್ಷವರ್ಷವೂ ಓಡುತ್ತವೆ. ಬಾಗಲಕೋಟೆಯನ್ನು ನೋಡಿ: ಆಲಮಟ್ಟಿಯ ಹಿನ್ನೀರು ಹಬ್ಬುತ್ತ ಹಳೆಯ ಊರಿನ ಅಂಚನ್ನು ನುಂಗುವುದು, ನವನಗರ ಚೌಕಚೌಕವಾಗಿ ಏಳುವುದು ಎರಡೂ ಕಾಣುತ್ತವೆ. ಪಾವಗಡದಲ್ಲಿ ಒಣ ಹೊಲಗಳ ಮೇಲೆ ಸೌರ ಫಲಕಗಳ ಕಪ್ಪು ಆಯತಗಳು ಕೆಲವೇ ವರ್ಷಗಳಲ್ಲಿ ಹರಡಿಕೊಳ್ಳುತ್ತವೆ. ಇಸ್ರೋ 2009ರಲ್ಲಿ ತೆರೆದ ‘ಭುವನ್’ ಪೋರ್ಟಲ್ ನಮ್ಮದೇ ಉಪಗ್ರಹಗಳ ಚಿತ್ರಗಳನ್ನು ಕೊಡುತ್ತದೆ. ಬಳಕೆ ಸ್ವಲ್ಪ ಕಷ್ಟ, ಆದರೆ ಭೂಬಳಕೆ, ನೀರಿನ ಮೂಲಗಳ ನಕ್ಷೆಗಳಿಗೆ ಅದನ್ನು ನೋಡಲೇಬೇಕು.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಜರಿದ ಗುರುತುಗಳನ್ನು ಗೂಗಲ್ ಅರ್ಥ್ ಪ್ರೊದಲ್ಲಿ ಹಳೆಯ ಚಿತ್ರಗಳ ಗಡಿಯಾರ ಒತ್ತಿ ನೋಡಬಹುದು. ಹಸಿರಿನ ನಡುವೆ ಕಂದು ಗೀರುಗಳು. ಇಳಿಜಾರು, ಮಣ್ಣು, ಮಳೆ, ಕಡಿದ ರಸ್ತೆ ಎಲ್ಲವನ್ನೂ ಅಲ್ಲಿ ಚರ್ಚಿಸಬಹುದು. ಆದರೆ ಆ ಭಾಗದ ಶಾಲೆಯಲ್ಲಾದರೆ ಮೊದಲು ವಿಚಾರಿಸಿಕೊಳ್ಳಿ. ಮನೆ ಕಳೆದುಕೊಂಡ ಮಗು ತರಗತಿಯಲ್ಲಿದ್ದರೆ ಆ ಚಿತ್ರ ಪಾಠವಾಗುವುದಿಲ್ಲ, ಬೇರೆ ಊರಿನದನ್ನು ತೋರಿಸಿ.

ಚಂದ್ರನಿಗೂ ಇಂಥ ನಕ್ಷೆ ಇದೆ: ನಾಸಾದ ಎಲ್‌ಆರ್‌ಒ ನೌಕೆಯ ಚಿತ್ರಗಳ ‘ಕ್ವಿಕ್‌ಮ್ಯಾಪ್’. 2023ರ ಆಗಸ್ಟ್ 23ರಂದು ಇಸ್ರೋದ ವಿಕ್ರಮ್ ನೌಕೆ ಇಳಿದ ಶಿವಶಕ್ತಿ ಬಿಂದು ದಕ್ಷಿಣಕ್ಕೆ 69.37 ಡಿಗ್ರಿ, ಪೂರ್ವಕ್ಕೆ 32.3 ಡಿಗ್ರಿಯ ಸುಮಾರಿಗಿದೆ. ಅಲ್ಲಿಂದ ಧ್ರುವಕ್ಕೆ ಅಳೆದರೆ 600 ಕಿಲೋಮೀಟರ್‌ಗೂ ಹೆಚ್ಚು. ‘ದಕ್ಷಿಣ ಧ್ರುವದಲ್ಲಿ ಇಳಿಯಿತು’ ಎಂದು ನಾವೆಲ್ಲ ಹೇಳುತ್ತೇವೆ, ಧ್ರುವದ ಕಡೆಯ ಪ್ರದೇಶದಲ್ಲಿ ಎನ್ನುವುದು ಸರಿ. ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ, ಅಷ್ಟು ದಕ್ಷಿಣಕ್ಕೆ ಅದಕ್ಕಿಂತ ಮೊದಲು ಯಾರೂ ಮೆಲ್ಲಗೆ ಇಳಿದಿರಲಿಲ್ಲ.

ಪರದೆ ಹೇಳುವ ಸುಳ್ಳುಗಳು

ಈ ಮಾದರಿಗಳೆಲ್ಲ ಒಂದಲ್ಲ ಒಂದು ಕಡೆ ಸುಳ್ಳು ಹೇಳುತ್ತವೆ. ಅದನ್ನು ಮಕ್ಕಳಿಗೆ ತಿಳಿಸದಿದ್ದರೆ ಹಳೆಯ ತಪ್ಪು ಹೋಗಿ ಹೊಸದು ಕೂರುತ್ತದೆ. ಗ್ರಹಗಳು ಕಾಣಲೆಂದು ಅವುಗಳ ಗಾತ್ರವನ್ನು ಹಿಗ್ಗಿಸಿರುತ್ತಾರೆ. ಕ್ಷುದ್ರಗ್ರಹಗಳ ಪಟ್ಟಿ ಒತ್ತೊತ್ತಾಗಿ ಕಾಣುತ್ತದೆ, ನಿಜದಲ್ಲಿ ಅವುಗಳ ನಡುವೆ ನೌಕೆಗಳು ಸಲೀಸಾಗಿ ಹಾದುಹೋಗುವಷ್ಟು ಜಾಗವಿದೆ. ಗೂಗಲ್ ಅರ್ಥ್ ಪ್ರೊದಲ್ಲಿ ಬೆಟ್ಟಗಳನ್ನು ಮೂರು ಪಟ್ಟು ಎತ್ತರಿಸಿ ತೋರಿಸುವ ಸೆಟ್ಟಿಂಗ್ ಇದೆ, ಅಡ್ಡಕೊಯ್ತದ ಚಿತ್ರದಲ್ಲೂ ಎತ್ತರ ಹಿಗ್ಗಿರುತ್ತದೆ. ಇನ್ಸಾಟ್ ಉಪಗ್ರಹ ರಾತ್ರಿ ತೆಗೆದ ಮೋಡದ ಚಿತ್ರದಲ್ಲಿ ಬೆಳ್ಳಗಿರುವುದು ಬೆಳಕಲ್ಲ, ಮೋಡದ ನೆತ್ತಿಯ ತಂಪು.

ಸೌರವ್ಯೂಹದ ಪಾಠ ಮುಗಿದ ಮೇಲೆ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ. ಒಂದು ಫುಟ್‌ಬಾಲ್ ಸೂರ್ಯನಾದರೆ ಎರಡು ಮಿಲಿಮೀಟರ್‌ನ ಸಾಸಿವೆ ಕಾಳು ಭೂಮಿ. ಆ ಕಾಳನ್ನು ಎಲ್ಲಿಡಬೇಕು? ಹೆಚ್ಚಿನವರು ಚೆಂಡಿನ ಪಕ್ಕದಲ್ಲೇ ಇಡುತ್ತಾರೆ. ಇಡಬೇಕಾದದ್ದು ಇಪ್ಪತ್ಮೂರೂವರೆ ಮೀಟರ್ ಆಚೆ. ಚಂದ್ರ ಅದರಿಂದ ಆರು ಸೆಂಟಿಮೀಟರ್ ದೂರದ ಅರ್ಧ ಮಿಲಿಮೀಟರ್‌ನ ಚುಕ್ಕೆ. ನೆಪ್ಚೂನ್ ಏಳುನೂರು ಮೀಟರ್ ದೂರ, ಬಹಳಷ್ಟು ಶಾಲೆಗಳಿಗೆ ಅದು ಬಸ್‌ಸ್ಟ್ಯಾಂಡಿನ ಹತ್ತಿರ ಬೀಳುತ್ತದೆ. ಇಷ್ಟು ನಡೆದು ಬಂದ ಮಕ್ಕಳಿಗೆ ಪರದೆಯ ಸೌರವ್ಯೂಹವನ್ನು ಮತ್ತೊಮ್ಮೆ ತೋರಿಸಿ, ಎಲ್ಲಿ ಸುಳ್ಳಿದೆ ಎಂದು ಅವರೇ ಹುಡುಕಲಿ.

ಹಣ ಇರುವ ಶಾಲೆಗಳು ವಿ.ಆರ್. ಕನ್ನಡಕಗಳನ್ನು ಕೊಳ್ಳಲು ಮುಂದಾಗುತ್ತವೆ. ನನ್ನ ಸಲಹೆ, ಬೇಡ. ಒಂದು ಮಗು ನೋಡುವಾಗ ಉಳಿದವರು ಸುಮ್ಮನೆ ಕೂರಬೇಕು, ಒಬ್ಬರು ಕಂಡದ್ದನ್ನು ಇನ್ನೊಬ್ಬರು ಪ್ರಶ್ನಿಸಲು ಆಗುವುದಿಲ್ಲ. ಗೂಗಲ್‌ನ ‘ಎಕ್ಸ್‌ಪೆಡಿಷನ್ಸ್’ ಆ್ಯಪ್ 2021ರಲ್ಲಿ ನಿಂತೇಹೋಯಿತು, ಅದನ್ನು ನಂಬಿ ಪಾಠ ಕಟ್ಟಿಕೊಂಡವರು ಬೇರೆ ದಾರಿ ಹುಡುಕಬೇಕಾಯಿತು. ಆ ಹಣದಲ್ಲಿ ಮರಳಿನ ಪೆಟ್ಟಿಗೆ ಮಾಡಿಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಆಲಿವರ್ ಕ್ರೇಲೋಸ್ ರೂಪಿಸಿದ ವಿನ್ಯಾಸ ಅದು. ಮೇಜಿನಗಲದ ಪೆಟ್ಟಿಗೆಯಲ್ಲಿ ಮರಳು, ಮೇಲೆ ಒಂದು ಪ್ರೊಜೆಕ್ಟರ್, ಆಳ ಅಳೆಯುವ ಕೈನೆಕ್ಟ್ ಕ್ಯಾಮೆರಾ, ಒಳ್ಳೆಯ ಗ್ರಾಫಿಕ್ಸ್ ಇರುವ ಕಂಪ್ಯೂಟರ್. ತಂತ್ರಾಂಶ ಉಚಿತ. ಕೈಯಲ್ಲಿ ಮರಳು ಗುಡ್ಡೆ ಮಾಡಿದ ಹಾಗೆ ಸಮೋನ್ನತಿ ರೇಖೆಗಳು ಅದರ ಮೇಲೆಯೇ ಮೂಡುತ್ತವೆ. ಮರಳಿನ ಮೇಲೆ ಅಂಗೈ ಚಾಚಿದರೆ ಮಳೆ ಬಿದ್ದು ನೀರು ಕಣಿವೆಗೆ ಹರಿಯುತ್ತದೆ. ಜಲಾನಯನ ಎಂದರೇನೆಂದು ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ.

ದೃಷ್ಟಿದೋಷವಿರುವ ಮಗು ತರಗತಿಯಲ್ಲಿದ್ದರೆ ಇದೆಲ್ಲ ಏನು ಪ್ರಯೋಜನ ಎಂಬ ಪ್ರಶ್ನೆ ಬರುತ್ತದೆ, ಬರಲೇಬೇಕು. ಮಲ್ಪೆ–ಚಳ್ಳಕೆರೆ ಗೆರೆಯನ್ನು ರಟ್ಟಿನ ಮೇಲೆ ದಾರ ಅಂಟಿಸಿ ಮಾಡಿ, ಬೆರಳಾಡಿಸಿ ನೋಡಲಿ. ಮೈದಾನದ ಸೌರವ್ಯೂಹದಲ್ಲಿ ಹೆಜ್ಜೆ ಎಣಿಸುವ ಕೆಲಸವನ್ನು ಆ ಮಗುವಿಗೇ ಕೊಡಿ.

ತಾರಾಲಯಕ್ಕೆ ಹೋಗುವ ಅನುಕೂಲವಿದ್ದರೆ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ಎರಡೂ ಇವೆ. ಹೋಗುವ ಹಿಂದಿನ ದಿನ ಸ್ಟೆಲೇರಿಯಂನಲ್ಲಿ ಮಕ್ಕಳಿಗೆ ಹೊಳೆದ ಪ್ರಶ್ನೆಗಳನ್ನು ಬರೆಸಿಕೊಂಡು ಹೋಗಿ, ಪ್ರದರ್ಶನ ಮುಗಿದ ಮೇಲೆ ಅಲ್ಲಿನವರನ್ನು ಕೇಳಿಸಿ.

ಕೊನೆಯ ಮಾತು ಮುಖ್ಯೋಪಾಧ್ಯಾಯರಿಗೆ. ಎಷ್ಟೋ ಶಾಲೆಗಳಲ್ಲಿ ದಾನಿಗಳು ಕೊಟ್ಟ ಕಂಪ್ಯೂಟರು, ಪ್ರೊಜೆಕ್ಟರುಗಳು ಹಾಳಾದಾವೆಂಬ ಹೆದರಿಕೆಗೆ ಬೀಗ ಹಾಕಿದ ಕೋಣೆಯಲ್ಲಿ ಧೂಳು ತಿನ್ನುತ್ತಿವೆ. ವಾರಕ್ಕೆ ಒಂದು ಪೀರಿಯಡ್ ಆ ಬೀಗದ ಕೀಲಿಯನ್ನು ವಿಜ್ಞಾನದ ಮೇಷ್ಟ್ರಿಗೋ ಸಮಾಜ ವಿಜ್ಞಾನದ ಟೀಚರಿಗೋ ಕೊಡಿ, ಮೌಸನ್ನು ಮಕ್ಕಳ ಕೈಗೆ ಬಿಡಲು ಅವರಿಗೆ ಹೇಳಿ.